ಕೆಳಗಿನ ಮನೆಯ ದೊಡ್ಡ ಅಕ್ಷರಗಳು

ಮಾರ್ಚ್ 4

ಮನೆಯ ಒಡತಿಯವರಿಗೆ,

ಕೆಳಗಿನ ಮನೆಯ ಬಾಡಿಗೆದಾರನ ನಮಸ್ಕಾರ.

ನಿಮ್ಮ ಏಜೆಂಟರು ಕಳಿಸಿದ ನೋಟೀಸು ತಲುಪಿದೆ. ಜೂನ್ ಮುಗಿಯುವುದರೊಳಗೆ ಮನೆ ಖಾಲಿ ಮಾಡಬೇಕು ಎಂದಿದೆ. ಏಕೆ ಎಂದು ಹುಡುಕಿದರೆ ಎಲ್ಲೂ ಇಲ್ಲ. ಬಾಡಿಗೆ ಬಾಕಿ ಇಲ್ಲ, ಗೋಡೆ ಕೆಡಿಸಿಲ್ಲ, ನೆರೆಯವರ ದೂರಿಲ್ಲ. ಅದನ್ನೆಲ್ಲ ನೋಟೀಸೇ ಒಪ್ಪಿಕೊಂಡಿದೆ. ಬಾಡಿಗೆದಾರನ ತಪ್ಪು ಏನೂ ಇಲ್ಲದಿದ್ದರೂ ಬಿಡಿಸಬಹುದಂತೆ. ಎಪ್ಪತ್ತೆಂಟು ವರ್ಷ ಬದುಕಿ, ತಪ್ಪು ಮಾಡದ್ದಕ್ಕೆ ಶಿಕ್ಷೆಯಾಗುವುದನ್ನು ಈಗ ನೋಡುತ್ತಿದ್ದೇನೆ.

ನಿಮ್ಮ ತಂದೆಯವರಿಗೂ ನನಗೂ ಮಧ್ಯೆ ಕಾಗದವೇ ಇರಲಿಲ್ಲ. ಪ್ರತಿ ವರ್ಷ ಜನವರಿ ಒಂದನೇ ತಾರೀಖು ಬೆಳಿಗ್ಗೆ ಯಜಮಾನರು ಮೇಲಿನ ಮನೆಯಿಂದ ಮೆಟ್ಟಿಲಿಳಿದು ಬಂದು, ಒಳಗೆ ಕಾಲಿಡದೆ, ಬಾಗಿಲ ಹತ್ತಿರವೇ ನಿಂತು "ಏನಯ್ಯಾ, ಇರ್ತೀಯಾ?" ಎನ್ನುತ್ತಿದ್ದರು. ನಾನು ಕೆತ್ತುತ್ತಿದ್ದ ಫಲಕದಿಂದ ತಲೆ ಎತ್ತದೆ "ಇರ್ತೀನಿ" ಎನ್ನುತ್ತಿದ್ದೆ. ಅವರು ಮತ್ತೆ ಮೇಲೆ ಹತ್ತಿ ಹೋಗುತ್ತಿದ್ದರು. ಕರಾರು ಅಷ್ಟೇ. ನಲವತ್ತು ವರ್ಷ ಹೀಗೇ ನಡೆಯಿತು. ಹೋದ ನವೆಂಬರಿನಲ್ಲಿ ಅವರು ತೀರಿಕೊಂಡರು. ಈ ಜನವರಿಯಲ್ಲಿ ಯಾರೂ ಬಂದು ಕೇಳಲಿಲ್ಲ. ಆ ದಿನ ಮಧ್ಯಾಹ್ನದವರೆಗೂ ಬಾಗಿಲು ತೆಗೆದಿಟ್ಟುಕೊಂಡು ಕೂತಿದ್ದೆ. ಅದಾದ ಮೇಲೆ ಬಂದದ್ದು ಈ ನೋಟೀಸು.

ಬಾಡಿಗೆದಾರರ ಸಂಘಕ್ಕೆ ಹೋಗಿದ್ದೆ. ಅಲ್ಲಿನ ಕಾರ್ಯದರ್ಶಿ ಮೊದಲು ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಈಗಲೂ ಎಲ್ಲರೂ ಅವರನ್ನು ಕಂಡಕ್ಟರಮ್ಮ ಎಂದೇ ಕರೆಯುತ್ತಾರೆ. ನಾನು ಕನ್ನಡಕ ಮನೆಯಲ್ಲಿ ಬಿಟ್ಟು ಹೋಗಿದ್ದರಿಂದ ನೋಟೀಸನ್ನು ಅವರೇ ಗಟ್ಟಿಯಾಗಿ ಓದಿ ಹೇಳಿದರು. ಆಮೇಲೆ ಹೇಳಿದ್ದು ಇಷ್ಟು: "ಎಪ್ಪತ್ತು ದಾಟಿದೆ, ಇಪ್ಪತ್ತು ವರ್ಷದ ಮೇಲಿಂದ ಒಂದೇ ಮನೇಲಿದೀರಿ. ನಿಮ್ಮಂಥೋರನ್ನ ಸುಮ್ನೆ ಮಧ್ಯದಾರೀಲಿ ಇಳಿಸೋಕಾಗಲ್ಲ. ಬಾಯಿಮಾತಿನ ಕರಾರೂ ಕರಾರೇ. ಓನರೇ ಬಂದು ಅಲ್ಲಿ ವಾಸ ಮಾಡ್ತೀನಿ ಅಂತ ಬರೆದುಕೊಟ್ರೆ ಬೇರೆ ಮಾತು. ಅದಿಲ್ದೆ ನಿಮ್ಮನ್ನ ಎಬ್ಬಿಸೋಕೆ ಬಾಡಿಗೆ ಕಚೇರಿ ಒಪ್ಪಲ್ಲ. ಯಾವುದಕ್ಕೂ ಸಹಿ ಹಾಕ್ಬೇಡಿ. ಬೀಗದಕೈ ಯಾರ ಕೈಗೂ ಕೊಡ್ಬೇಡಿ."

ನೀವು ಇಲ್ಲಿಗೆ ಬಂದು ವಾಸ ಮಾಡುವವರಲ್ಲ. ಹೆತ್ತ ತಂದೆ ತೀರಿಕೊಂಡಾಗಲೂ ಬರದವರಿಗೆ ಈಗ ಮನೆಯ ಮೇಲೆ ಪ್ರೀತಿ ಉಕ್ಕಿದೆ ಎಂದು ನಂಬುವಷ್ಟು ನನ್ನ ಬುದ್ಧಿ ಕೆಟ್ಟಿಲ್ಲ. ಮಾರುವುದಾದರೆ ಮಾರುತ್ತೇನೆ ಎಂದು ನೇರವಾಗಿ ಬರೆಯಿರಿ. ನಾನಂತೂ ಬಿಡುವುದಿಲ್ಲ.

ಇಂತಿ,
ಕೆಳಗಿನ ಮನೆಯವನು

ಮಾರ್ಚ್ 17

ಮಾನ್ಯರೇ,

ನಿಮ್ಮ ಲಕೋಟೆ ಬಂತು. ತೂಕ ಹೆಚ್ಚಾಗಿದೆ ಎಂದು ಅಂಚೆಯವರು ನನ್ನಿಂದ ದಂಡ ಕಟ್ಟಿಸಿಕೊಂಡರು. ಹೆಚ್ಚಾಗದೆ ಏನು? ಒಂದು ಹಾಳೆಗೆ ನಾಲ್ಕೈದು ಸಾಲು, ಒಂದೊಂದು ಅಕ್ಷರ ಹೆಬ್ಬೆಟ್ಟಿನಷ್ಟು.

ನೀವು ಬರೆದದ್ದಕ್ಕಿಂತ ಬರೆದ ರೀತಿ ನನಗೆ ಹೆಚ್ಚು ನೋವು ಕೊಟ್ಟಿತು. ಶಾಲೆ ಬಿಟ್ಟ ಮೇಲೆ ನಿಮ್ಮ ಮುಂದಿನ ಕೋಣೆಯಲ್ಲಿ ಕೂತು ನಾನು ಅಕ್ಷರ ತಿದ್ದುತ್ತಿದ್ದಾಗ ನೀವು ಹೇಳುತ್ತಿದ್ದ ಮಾತು ಮರೆತಿಲ್ಲ: "ದೊಡ್ಡದಾಗಿ ಬರೆಯೋರು ಜಗಳಕ್ಕೆ ನಿಂತೋರು. ಹೇಳೋದು ಗಟ್ಟಿ ಇದ್ರೆ ಅಕ್ಷರ ಸಣ್ಣದಿದ್ರೂ ಸಾಕು." ನೀವು ಉಂಗುರದ ಒಳಬದಿಯಲ್ಲಿ ಪೂರ್ತಿ ಹೆಸರು ಕೆತ್ತುತ್ತಿದ್ದವರು. ನಿಮ್ಮಿಂದ ಕಲಿತ ಅಕ್ಷರದಿಂದಲೇ ನಾನು ನಕ್ಷೆ ಬರೆಯುವ ಕಚೇರಿ ಸೇರಿ, ಗುಡ್ಡ, ತೊರೆ, ಸೇತುವೆಗಳ ಹೆಸರು ಬರೆದು ಇಷ್ಟು ವರ್ಷ ಅನ್ನ ತಿಂದೆ. ಅದೇ ಕೈಯಿಂದ ನನಗೆ ಇಷ್ಟು ದೊಡ್ಡ ಅಕ್ಷರ ಬಂದಿದೆ ಎಂದರೆ, ನೀವು ನನ್ನ ಜೊತೆ ಜಗಳಕ್ಕೇ ನಿಂತಿದ್ದೀರಿ ಎಂದು ತಿಳಿಯಲು ಬೇರೆ ಪುರಾವೆ ಬೇಡ.

ಕಾರಣ ಕೇಳಿದ್ದೀರಿ. ಹೇಳಬೇಕೆಂದಿಲ್ಲ, ಹೇಳಿದರೆ ಅದನ್ನೇ ಹಿಡಿದು ಜಗ್ಗುತ್ತಾರೆ ಎಂದು ಏಜೆಂಟರು ಎಚ್ಚರಿಸಿದ್ದಾರೆ. ಹಾಗಾಗಿ ಹೇಳುವುದಿಲ್ಲ. ಅಪ್ಪ ಹೋದಾಗ ನಾನು ಏಕೆ ಬರಲಿಲ್ಲ ಎಂಬುದೂ ನಿಮಗೆ ಸಂಬಂಧಪಟ್ಟದ್ದಲ್ಲ. ಏಜೆಂಟರು ಮೊನ್ನೆ ಬೀದಿಯಲ್ಲಿ ನಿಮ್ಮ ಎದುರಿಗೇ ನಿಂತು ನಮಸ್ಕಾರ ಮಾಡಿದರಂತೆ. ನೀವು ಅವರ ಮುಖವನ್ನೇ ನೋಡುತ್ತ, ಒಂದು ಮಾತೂ ಆಡದೆ ಪಕ್ಕದಿಂದ ಸರಿದುಹೋದಿರಂತೆ. ಅಷ್ಟೊಂದು ಹಗೆ ಏಕೆ?

ನಿಮ್ಮನ್ನು ಬೀದಿಗೆ ಹಾಕುತ್ತಿಲ್ಲ. ಎರಡು ಬೀದಿ ಆಚೆ ಎರಡು ಕೋಣೆಯ ಮನೆಯೊಂದನ್ನು ನೋಡಿಟ್ಟಿದ್ದೇನೆ. ಅದೂ ನೆಲಮಹಡಿಯೇ, ಬಾಡಿಗೆಯೂ ಇಷ್ಟೇ. ಇನ್ನೊಂದು ವಿಷಯ. ಏಪ್ರಿಲ್ ಒಂದರಂದು ಬೆಳಿಗ್ಗೆ ಒಬ್ಬ ಬಡಗಿ ಬಂದು ಬಾಗಿಲುಗಳ ಅಳತೆ ತೆಗೆದುಕೊಳ್ಳುತ್ತಾನೆ. ದಯವಿಟ್ಟು ಒಳಗೆ ಬಿಡಿ. ಅಪ್ಪನ ಹೆಸರು ಕೆತ್ತಿ ನೀವು ಕೊಟ್ಟಿದ್ದ ಹಿತ್ತಾಳೆ ಫಲಕ ಇನ್ನೂ ಬಾಗಿಲ ಪಕ್ಕದಲ್ಲಿದೆಯೇ? ಒಂದು ಸಾಲು ಬರೆದು ತಿಳಿಸಿ.

ಪೆನ್ಸಿಲಿನಲ್ಲಿ ಬರೆದಿದ್ದೇನೆ. ಕೆಲಸದ ಅಭ್ಯಾಸ, ತಪ್ಪು ತಿಳಿಯಬೇಡಿ.

ಮೇಲಿನ ಮನೆಯ ಮಗಳು

ಏಪ್ರಿಲ್ 3

ಒಡತಿಯವರಿಗೆ,

ನಿಮ್ಮ ಕಾಗದ ಬಂತು. ಓದಿದೆ.

ಮೊದಲಿಗೆ ಒಂದು ಮಾತು. ಇನ್ನು ಮುಂದೆ ಬರೆಯುವುದಾದರೆ ಶಾಯಿಯಲ್ಲಿ ಬರೆಯಿರಿ. ಪೆನ್ಸಿಲಿನ ಬರಹವನ್ನು ಯಾರು ಬೇಕಾದರೂ ಅಳಿಸಬಹುದು, ತಿದ್ದಬಹುದು. ನಾಳೆ ಕಚೇರಿಯಲ್ಲಿ ತೋರಿಸಬೇಕಾಗಿ ಬಂದರೆ ಸಾಕ್ಷಿಗೆ ನಿಲ್ಲುವುದಿಲ್ಲ. ಕಪ್ಪು ಶಾಯಿಯಾದರೆ ಒಳ್ಳೆಯದು. ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಟ್ಟರೆ ಇನ್ನೂ ಒಳ್ಳೆಯದು.

ನಿಮ್ಮ ಕಾಗದದಲ್ಲಿ ಎರಡು ಕೋಣೆ ಎಂಬ ಮಾತಿದೆ. ಎರಡು ಕೋಣೆ ಹಾಗಿರಲಿ, ಈ ಮನೆಯಲ್ಲಿ ಒಂದು ಮೂಲೆಯನ್ನೂ ನಾನು ಬಿಟ್ಟುಕೊಡುವುದಿಲ್ಲ.

ಮೊನ್ನೆ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಒಬ್ಬ ಮನುಷ್ಯ ಒಳಗೆ ಬಂದ. "ಯಾರಪ್ಪಾ ನೀನು?" ಎಂದರೆ, "ಅಳತೆ ತಗೊಳೋಕೆ. ನಿಮಗೆ ಬರೆದು ತಿಳಿಸಿದಾರಂತಲ್ಲ" ಎಂದ. ನನಗೆ ಯಾರೂ ಏನೂ ತಿಳಿಸಿಲ್ಲ. ಆದರೂ ಏನು ಮಾಡುತ್ತಾನೆ ನೋಡೋಣ ಎಂದು ಸುಮ್ಮನಿದ್ದೆ. ಅವನು ಬಾಗಿಲುಗಳ ಎತ್ತರ ಅಳೆಯಲಿಲ್ಲ, ಬರೀ ಅಗಲ ಅಳೆದ. ಟೇಪು ಎಳೆಯುವ ಸದ್ದು ಬಚ್ಚಲಿನ ಬಾಗಿಲಲ್ಲಿ ಮತ್ತೆ ಮತ್ತೆ ಕೇಳಿಸಿತು. "ಸಾಲಲ್ಲ" ಎಂದು ಗೊಣಗಿಕೊಂಡ. ಆಮೇಲೆ ಹೊಸಿಲುಗಳನ್ನು ಒಂದೊಂದಾಗಿ ಬಡಿದು ನೋಡಿದ. "ಇವನ್ನೆಲ್ಲ ಕಿತ್ತು ನೆಲ ಸಮ ಮಾಡ್ಬೇಕಾಗುತ್ತೆ. ಹೊರಗಿನ ಎರಡು ಮೆಟ್ಟಿಲು ಒಡೆದು ಇಳಿಜಾರು ಕಟ್ಬೇಕು" ಎಂದ. ಏಕೆ ಎಂದು ಕೇಳಿದೆ. "ಗಾಲಿ ಉರುಳ್ಬೇಕಲ್ಲ" ಎಂದ. ಅಲ್ಲಿಗೇ ತೋಳು ಹಿಡಿದು ಹೊರಗೆ ಕಳಿಸಿದೆ.

ಈಗ ನನಗೆ ಎಲ್ಲ ಅರ್ಥವಾಯಿತು. ಹೊಸಿಲಿಲ್ಲದ ಮನೆಗೆ ಯಾರು ಬರುತ್ತಾರೆ? ಕೈಗಾಡಿಗಳು ಬರುತ್ತವೆ. ಗೋದಾಮು ಮಾಡಲು ಯಾರಿಗೋ ಮಾತು ಕೊಟ್ಟಿದ್ದೀರಿ. ನಾನು ಮಲಗುವ ಜಾಗದಲ್ಲಿ ಮೂಟೆ ಪೇರಿಸುತ್ತೀರಿ. ಇದಕ್ಕೇ ಕಾರಣ ಹೇಳಲು ನಿಮ್ಮ ಏಜೆಂಟರಿಗೆ ಬಾಯಿ ಬಂದಿಲ್ಲ. ವಾಸದ ಮನೆಯನ್ನು ಗೋದಾಮು ಮಾಡಬೇಕಾದರೆ ಬೇರೆ ಅನುಮತಿ ಬೇಕು ಎಂದು ಕಂಡಕ್ಟರಮ್ಮ ಹೇಳಿದ್ದಾರೆ. ಅದಕ್ಕೂ ತಕರಾರು ಹಾಕುತ್ತೇವೆ.

ಕೆಳಗಿನ ಮನೆಯವನು

ಏಪ್ರಿಲ್ 19

ಮಾನ್ಯರೇ,

ಬಡಗಿ ಬರುವ ದಿನವನ್ನೂ ಹೊತ್ತನ್ನೂ ನಾನು ಸ್ಪಷ್ಟವಾಗಿ ಬರೆದಿದ್ದೆ. ಓದಿದೆ ಎಂದು ನೀವೇ ಬರೆದಿದ್ದೀರಿ. ಆದರೂ ಯಾರೂ ತಿಳಿಸಲಿಲ್ಲ ಎನ್ನುತ್ತೀರಿ. ಬದಲಿ ಮನೆಯ ಎರಡು ಕೋಣೆಯ ಬಗ್ಗೆ ಬರೆದರೆ, ನಿಮ್ಮ ಮನೆಯಲ್ಲೇ ಎರಡು ಕೋಣೆ ಕೇಳಿದೆ ಎಂಬಂತೆ ಉತ್ತರ ಕೊಡುತ್ತೀರಿ. ಅಪ್ಪನ ಫಲಕದ ಬಗ್ಗೆ ಒಂದೇ ಒಂದು ಸಾಲು ಕೇಳಿದ್ದೆ, ಅದೂ ಇಲ್ಲ. ಅದರ ಬದಲು ನನ್ನ ಪೆನ್ಸಿಲು ಸಾಕ್ಷಿಗೆ ನಿಲ್ಲುವುದಿಲ್ಲ ಎಂಬ ಪಾಠ. ಪೆನ್ಸಿಲಿನಲ್ಲೇ ಬರೆಯುತ್ತೇನೆ. ಹೇಗೆ ಬರೆಯಬೇಕೆಂದು ನನಗೆ ಸಂಘದವರು ಹೇಳಿಕೊಡಬೇಕಾಗಿಲ್ಲ.

ಇದನ್ನು ಬರೆಯಲೋ ಬೇಡವೋ ಎಂದು ಒಂದು ವಾರ ಯೋಚಿಸಿದೆ. ನಿಮ್ಮ ಎರಡೂ ಕಾಗದಗಳನ್ನು ಮೇಜಿನ ಮೇಲೆ ಹರಡಿಕೊಂಡು ನೋಡಿದ್ದೇನೆ. ಅಕ್ಷರ ನೋಡುವುದೇ ನನ್ನ ಕೆಲಸವಾಗಿತ್ತು. ಯಾವ ನಕ್ಷೆ ಯಾರ ಕೈಯದು ಎಂದು ದೂರದಿಂದಲೇ ಹೇಳುತ್ತಿದ್ದೆ. ನಾನು ಕಂಡ ನಿಮ್ಮ ಬರಹದಲ್ಲಿ ಒಂದು ಒತ್ತಕ್ಷರವೂ ಪಕ್ಕದ ಅಕ್ಷರವನ್ನು ಮುಟ್ಟುತ್ತಿರಲಿಲ್ಲ. ಈ ಕಾಗದಗಳಲ್ಲಿ ಸಾಲಿನ ಮೇಲೆ ಸಾಲು ಹತ್ತಿಕೊಂಡಿದೆ. ಒಂದು ಕಡೆ ಬರೆದವರು ಹಾಳೆ ಮುಗಿದ ಮೇಲೂ ಬರೆಯುತ್ತ ಹೋಗಿದ್ದಾರೆ. ಪದದ ಉಳಿದರ್ಧ ನಿಮ್ಮ ಮೇಜಿನ ಮೇಲೆಯೇ ಉಳಿದಿರಬೇಕು.

ಇದು ನಿಮ್ಮ ಕೈಯಲ್ಲ.

ಸಂಜೆ ಹೊತ್ತು ನಿಮ್ಮ ಮನೆಯೊಳಗೆ ಒಬ್ಬ ಹೆಂಗಸಿನ ದನಿ ಕೇಳಿಸುತ್ತದೆ, ಬಾಗಿಲು ತಟ್ಟಿದರೆ ನಿಂತುಹೋಗುತ್ತದೆ ಎಂದು ಏಜೆಂಟರು ಹೇಳಿದರು. ಮನೆಯಲ್ಲಿ ಬೇರೆಯವರು ಯಾರಿದ್ದಾರೆ? ಯಾರ ಕೈಗೆ ಮನೆ ಕೊಟ್ಟಿದ್ದೀರಿ? ಬಾಡಿಗೆದಾರ ಮನೆಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟರೆ ಅದು ತಪ್ಪು, ಆಗ ವಯಸ್ಸಿನ ರಕ್ಷಣೆಯೂ ಇಲ್ಲ, ವರ್ಷದ ರಕ್ಷಣೆಯೂ ಇಲ್ಲ. ಇಷ್ಟನ್ನು ನಾನೂ ವಿಚಾರಿಸಿಕೊಂಡಿದ್ದೇನೆ.

ಬರೆಯುತ್ತಿರುವುದು ನೀವೇ ಆಗಿದ್ದರೆ ಒಂದು ಪ್ರಶ್ನೆಗೆ ಉತ್ತರ ಕೊಡಿ. ನೀವು ನನ್ನನ್ನು ಸಾಸಿವೆ ಎಂದು ಕರೆಯುತ್ತಿದ್ದಿರಿ. ಏಕೆ? ಇದು ನಮ್ಮಿಬ್ಬರಿಗೆ ಬಿಟ್ಟು ಇನ್ನೊಬ್ಬರಿಗೆ ಗೊತ್ತಿಲ್ಲ.

ಮೇಲಿನ ಮನೆಯ ಮಗಳು

ಮೇ 6

ಒಡತಿಯವರಿಗೆ,

ಶಾಯಿಯಲ್ಲಿ ಬರೆಯಿರಿ ಎಂದಿದ್ದೆ. ಬರೆಯಲಿಲ್ಲ. ಸಂತೋಷ.

ಬೇರೆಯವರ ವಿಷಯ ಎತ್ತಿದ್ದೀರಿ. ಒಬ್ಬ ಹೆಂಗಸಿನ ವಿಷಯವನ್ನೂ ಬರೆದಿದ್ದೀರಿ. ನನ್ನ ಉತ್ತರ ಇದು. ಮನೆಯಲ್ಲಿ ಬೇರೆಯವರು ಇರುವುದಾದರೆ ಇರಲಿ. ಹೆಂಗಸಾದರೂ ಸರಿ, ಗಂಡಸಾದರೂ ಸರಿ. ಅದರಿಂದ ನನ್ನ ಹಕ್ಕು ಒಂದು ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಯಾರಿದ್ದಾರೆ, ಯಾರು ಬರುತ್ತಾರೆ ಎಂದು ಹೆದರಿಸಿ ನನ್ನನ್ನು ಎಬ್ಬಿಸಲು ನಿಮ್ಮಿಂದಾಗದು.

ಇನ್ನು ಹೆಚ್ಚು ಬರೆಯಲು ನನಗೆ ಪುರಸೊತ್ತಿಲ್ಲ. ಏನಿದ್ದರೂ ಕಚೇರಿಯಲ್ಲಿ ಮಾತಾಡೋಣ.

ಕೆಳಗಿನ ಮನೆಯವನು

ಮೇ 20

ಈ ಕಾಗದ ಓದುತ್ತಿರುವವರು ಯಾರೇ ಆಗಿರಲಿ, ಅವರಿಗೆ,

ಮನೆಯಲ್ಲಿ ಬೇರೆಯವರಿದ್ದಾರೆ ಎಂದು ಒಪ್ಪಿಕೊಂಡಿದ್ದೀರಿ. ನನ್ನ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಆ ಉತ್ತರ ನಿಮಗೆ ಗೊತ್ತಿಲ್ಲ.

ಮನೆ ಅನ್ಯರ ವಶದಲ್ಲಿದೆ ಎಂದು ಬಾಡಿಗೆ ಕಚೇರಿಗೆ ದೂರು ಕೊಟ್ಟಿದ್ದೇನೆ. ಟೈಪು ಮಾಡಿದ ಪ್ರತಿ ಇದರ ಜೊತೆಗಿದೆ. ತನಿಖೆಗೆ ಜನ ಬರುತ್ತಾರೆ. ಜೂನ್ ಕೊನೆಯ ವಾರ ವಿಚಾರಣೆ. ದೂರು ನಿಜವೆಂದು ತೀರ್ಮಾನವಾದರೆ ಮನೆ ಆ ದಿನವೇ ಬಿಡಬೇಕಾಗುತ್ತದೆ.

ಇದಿಷ್ಟು ಕಚೇರಿಯ ಮಾತು. ಇನ್ನೊಂದು ಮಾತು ನನ್ನದು. ಆ ಮುಂದಿನ ಕೋಣೆಯಲ್ಲಿ ಒಬ್ಬ ಮನುಷ್ಯ ಇದ್ದ. ನನಗೆ ಬರೆಯಲು ಕಲಿಸಿದವನು, ನಾನು ಮಾವ ಎಂದು ಕರೆಯುತ್ತಿದ್ದವನು. ನನ್ನ ಮೇಲೆ ಸಿಟ್ಟಿದ್ದರೂ ಅವನು ನನ್ನ ಮಾತಿಗೆ ಹೀಗೆ ಅಡ್ಡಾದಿಡ್ಡಿ ಉತ್ತರ ಕೊಡುವವನಲ್ಲ. ಮಾವನನ್ನು ಏನು ಮಾಡಿದಿರಿ? ಎಲ್ಲಿಗೆ ಕಳಿಸಿದಿರಿ? ಬದುಕಿದ್ದಾನೆಯೇ? ಮನೆ ಆಮೇಲೆ. ಮೊದಲು ಇದಕ್ಕೆ ಉತ್ತರ ಕೊಡಿ.

ಮೇಲಿನ ಮನೆಯ ಮಗಳು

ಜೂನ್ 8

ಸಾಸಿವೆ,

ಇದನ್ನ ಬರೀತಿರೋದು ಕಂಡಕ್ಟರಮ್ಮ, ಮಾತು ನನ್ನದು. ನಾನು ಹೇಳಿದ ಹಾಗೇ ಬರೀರಿ, ತಿದ್ಬೇಡಿ ಅಂತ ಹೇಳಿದೀನಿ. ಇವರ ಅಕ್ಷರ ಕೋಳಿ ಕೆದಕಿದ ಹಾಗಿರುತ್ತೆ ಅಂತ ಸಂಘದಲ್ಲಿ ಹೇಳ್ತಾರೆ. ನಾನು ನೋಡಿಲ್ಲ.

(ಅಕ್ಷರ ಚೆನ್ನಾಗಿಯೇ ಇದೆ. ಬರೆಯುತ್ತಿರುವವಳು.)

ಬದುಕಿದೀನಿ ಕಣಮ್ಮ. ಕಣ್ಣು ಹೋಗ್ತಿದೆ, ಅಷ್ಟೇ. ಎರಡು ವರ್ಷದಿಂದ. ನರ ಒಣಗ್ತಿದೆಯಂತೆ, ಆಪರೇಷನ್ನಿಗೆ ಬಗ್ಗಲ್ಲ ಅಂತ ಡಾಕ್ಟರು ಹೇಳಿಬಿಟ್ರು. ನಡುವೆ ಒಂದು ಕಪ್ಪು ಮಚ್ಚೆ, ಸುತ್ತ ಮಂಜು. ಆಳು ಬಂದಿದ್ದು ಗೊತ್ತಾಗುತ್ತೆ, ಮುಖ ಗೊತ್ತಾಗಲ್ಲ. ನಿನ್ನ ಏಜೆಂಟರು ನಮಸ್ಕಾರ ಮಾಡಿದ್ದು ಕಂಬಕ್ಕೋ ನನಗೋ ನನಗೇನು ಗೊತ್ತು? ಬಾಯಿ ಬಿಟ್ಟು ಮಾತಾಡಿದ್ರೆ ಉತ್ತರ ಕೊಡ್ತಿದ್ದೆ.

ಅಕ್ಷರ ದೊಡ್ಡದಾಗಿ ಬರೆದಿದ್ದು ಜಗಳಕ್ಕಲ್ಲ. ಸಣ್ಣದಾಗಿ ಬರೆದ್ರೆ ಬರೆದಿದ್ದು ನನಗೇ ಕಾಣಲ್ಲ. ನಿನ್ನ ಕಾಗದ ನಾನು ಓದೇ ಇಲ್ಲ. ಮಧ್ಯಾಹ್ನದ ಬಿಸಿಲಿಗೆ ಹಿಡಿದು ಭೂತಗನ್ನಡಿ ಇಟ್ರೆ ಅಲ್ಲೊಂದು ಇಲ್ಲೊಂದು ಪದ ಸಿಕ್ತಿತ್ತು. 'ಎರಡು ಕೋಣೆ' ಸಿಕ್ತು. 'ಬೇರೆಯವರು' ಸಿಕ್ತು, 'ಹೆಂಗಸು' ಸಿಕ್ತು. ಉಳಿದಿದ್ದನ್ನ ನಾನೇ ತುಂಬ್ಕೊಂಡೆ. ನೀನು ಯಾರನ್ನೋ ತಂದು ಮನೇಲಿ ಕೂರಿಸ್ತೀಯ ಅಂದ್ಕೊಂಡು ಆ ಉತ್ತರ ಬರೆದೆ. ಶಾಯೀಲಿ ಬರಿ ಅಂದಿದ್ದೂ ಅದಕ್ಕೇ. ಸಾಕ್ಷಿ ಗೀಕ್ಷಿ ಏನೂ ಇಲ್ಲ. ಕಾಣಲ್ಲ ಅಂತ ಹೇಳೋಕೆ ಬಾಯಿ ಬರ್ಲಿಲ್ಲ.

ಕ್ಷೌರದಂಗಡೀಲಿ ಒಬ್ಬ ಹೇಳಿದ್ದ, ಕಣ್ಣು ಕಾಣದ ಮುದುಕ ಒಬ್ಬನೇ ಇದಾನೆ ಅಂತ ಓನರಿಗೆ ಗೊತ್ತಾದ್ರೆ ಸಾಕು, ಒಂಟಿಯಾಗಿ ಬಾಳೋ ಶಕ್ತಿ ಇಲ್ಲ ಅಂತ ಬರೆಸಿ ಆಶ್ರಮಕ್ಕೆ ಸಾಗಿಸ್ತಾರೆ ಅಂತ. ಅದಕ್ಕೇ ನಿನ್ನ ಕಾಗದ ಯಾರ ಕೈಲೂ ಓದಿಸ್ಲಿಲ್ಲ. ಸಂಘಕ್ಕೆ ಹೋದಾಗೆಲ್ಲ ಕನ್ನಡಕ ಮರೆತೆ ಅಂತಿದ್ದೆ.

(ಪ್ರತಿ ಸಲವೂ ಮರೆಯುತ್ತಿದ್ದರು. ಟಿಕೆಟ್ ಇಲ್ಲದ ಪ್ರಯಾಣಿಕರು ಜೇಬು ತಡಕುವುದನ್ನು ಬೇಕಾದಷ್ಟು ನೋಡಿದ್ದೇನೆ, ಆದರೂ ನನಗೆ ಹೊಳೆಯಲಿಲ್ಲ. ಕ್ಷೌರದಂಗಡಿಯ ಮಾತು ಶುದ್ಧ ಸುಳ್ಳು. ಕಣ್ಣು ಕಾಣದವರ ಹಕ್ಕು ಕಡಿಮೆಯಾಗುವುದಿಲ್ಲ. ಇದನ್ನು ಇವರಿಗೆ ಒಂದು ಗಂಟೆ ಹೇಳಬೇಕಾಯಿತು.)

ಮೊನ್ನೆ ಕಚೇರಿಯಿಂದ ತನಿಖೆಗೆ ಒಬ್ಬ ಬಂದಿದ್ದ. ಮನೆಯೆಲ್ಲ ಜಾಲಾಡಿದ. ಒಂದು ಹಾಸಿಗೆ, ಒಂದು ತಟ್ಟೆ, ಒಂದು ಜೊತೆ ಚಪ್ಪಲಿ. "ಆ ಹೆಂಗಸೆಲ್ಲಿ?" ಅಂದ. ರೇಡಿಯೋ ಹಾಕಿ ತೋರಿಸಿದೆ. ಸಂಜೆ ವಾರ್ತೆ ಓದೋಳು ಕಣೇ ಅವಳು. ಏಜೆಂಟರು ಬಾಗಿಲು ತಟ್ಟಿದಾಗ ಆರಿಸ್ತಿದ್ದೆ. ಆಮೇಲೆ ಕಂಡಕ್ಟರಮ್ಮನಿಗೆ ಕಣ್ಣಿನ ವಿಷಯ ಹೇಳ್ದೆ, ಇವರು ನಿನ್ನ ಕಾಗದಗಳನ್ನೆಲ್ಲ ತರಿಸ್ಕೊಂಡು ಮೊದಲಿಂದ ಕೊನೇವರೆಗೆ ಗಟ್ಟಿಯಾಗಿ ಓದಿದ್ರು. 'ಮಾವನನ್ನು ಏನು ಮಾಡಿದಿರಿ' ಅನ್ನೋದು ಬಂದಾಗ, ನಿಲ್ಲಿಸಿ ಅಂತ ಹೇಳಿ ಹಿತ್ತಲಿಗೆ ಹೋಗಿ ನಿಂತಿದ್ದೆ. ಅಳು ಬಂತು. ಹೇಳೋದ್ರಲ್ಲಿ ನಾಚಿಕೆ ಏನಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ. ನೀನು ಏಳು ವರ್ಷದವಳಿದ್ದಾಗ ನನ್ನ ಚಾಣ ಕದ್ದು, ಯಾರದೋ ಬಾಗಿಲ ಫಲಕದ ಹಿಂದೆ ನಿನ್ನ ಹೆಸರು ಕೆತ್ತಿದ್ದೆ, ಸಾಸಿವೆ ಕಾಳಿನ ಗಾತ್ರದಲ್ಲಿ. ಫಲಕ ಗಿರಾಕಿ ಕೈ ಸೇರೋಕೆ ಮುಂಚೆ ನಾನು ನೋಡ್ದೆ, ಅಳಿಸ್ಲಿಲ್ಲ. ಇವತ್ತಿಗೂ ಯಾವನೋ ಪುಣ್ಯಾತ್ಮನ ಬಾಗಿಲ ಮೇಲೆ, ಗೋಡೆ ಕಡೆ ಮುಖ ಮಾಡ್ಕೊಂಡು ನೀನಿದೀಯ. ನಿಮ್ಮಪ್ಪನ ಫಲಕ ಬಾಗಿಲ ಪಕ್ಕದಲ್ಲೇ ಇದೆ. ಹೊರಗೆ ಹೋಗುವಾಗ ಬರುವಾಗ ಕೈಯಾಡಿಸ್ತೀನಿ. ಕೆತ್ತಿದ ಅಕ್ಷರ ಬೆರಳಿಗೆ ಕಾಣುತ್ತೆ.

ಈಗ ನನ್ನ ಪ್ರಶ್ನೆ. ಆ ಬಡಗಿ ಬಂದುಹೋದ ಕಥೇನ ಇವರಿಗೆ ಪೂರ್ತಿಯಾಗಿ ಹೇಳ್ದೆ. ಬಚ್ಚಲ ಬಾಗಿಲ ಅಗಲ ಅಂದೆ. ಗೋದಾಮಿಗೆ ಬಚ್ಚಲು ಯಾಕ್ರೀ ಅಂದ್ರು. ನಿನ್ನ ಕಾಗದ ಇನ್ನೊಂದು ಸಲ ಓದಿಸ್ಕೊಂಡೆ. ಮೇಲಿನ ಮನೆ ಖಾಲಿ ಬಿದ್ದಿದೆ, ಅದು ಬಿಟ್ಟು ನಿನಗೆ ಕೆಳಗಿನದೇ ಬೇಕು. ಬದಲಿ ಮನೆ ಅದೂ ನೆಲಮಹಡಿ ಅಂತ ಬರೆದಿದೀಯ, ನೆಲಮಹಡಿ ಸಿಗೋದು ಎಷ್ಟು ದೊಡ್ಡ ವಿಷಯ ಅಂತ ಗೊತ್ತಿರೋಳ ಹಾಗೆ. ಅಪ್ಪ ಹೋದಾಗ ಬರ್ಲಿಲ್ಲ. ನಾನು ಅವತ್ತು ಬಾಯಿಗೆ ಬಂದ ಹಾಗೆ ಬರೆದೆ, ಅದು ತಪ್ಪಾಯ್ತೇನೋ. ನಡೆಯೋಕಾಗದ ಕಾಲು ಯಾರದಮ್ಮ? ನಿನ್ನದೇನಾ? ಅಥವಾ ಇದೂ ಆ ಏಜೆಂಟರ ಏನಾದ್ರೂ ಆಟಾನಾ? ನನಗಿನ್ನೂ ಅನುಮಾನ ಪೂರ್ತಿ ಹೋಗಿಲ್ಲ. ಸುಳ್ಳು ಹೇಳ್ಬೇಡ.

(ಈ ಪ್ರಶ್ನೆ ಕೇಳಬೇಡಿ ಎಂದು ನಾನು ಹೇಳಿದೆ. ಒಡತಿಗೆ ಸ್ವಂತ ವಾಸಕ್ಕೇ ಬೇಕು ಎಂದಾದರೆ ಕಾನೂನು ಅವರ ಕಡೆ ತಿರುಗುತ್ತದೆ. ಈಗಿರುವ ಹಾಗೆ ವಿಚಾರಣೆಯಲ್ಲಿ ನಾವೇ ಗೆಲ್ಲುತ್ತೇವೆ. ಇವರು ಗೆಲ್ಲುವ ದಾರಿಯನ್ನು ತಾವಾಗಿ ಎದುರು ಪಕ್ಷಕ್ಕೆ ತೋರಿಸಿಕೊಡುತ್ತಿದ್ದಾರೆ. "ಬರೀರಿ" ಎಂದು ಹಟ ಹಿಡಿದರು, ಬರೆದಿದ್ದೇನೆ. ನನ್ನ ವಿರೋಧ ಇಲ್ಲಿ ದಾಖಲಾಗಿರಲಿ.)

ಮಾವ

ಜೂನ್ 19

ಮಾವ,

ಕಪ್ಪು ಶಾಯಿ.

ಹಾಳೆಗೆ ಒಂದೇ ಮಾತು.

ಬಿಸಿಲಿಗೆ ಹಿಡಿದು ನೀವೇ ಓದಿ.

ಕಾಲು ನನ್ನದೇ.

ಹೋದ ವರ್ಷ ಬಿದ್ದೆ. ಗಾಲಿಕುರ್ಚಿಯಲ್ಲಿದ್ದೇನೆ.

ನಾನಿರುವುದು ಮೂರನೇ ಮಹಡಿ.

ಅಪ್ಪ ಹೋದ ದಿನ ಇಳಿಸುವವರು ಸಿಗಲಿಲ್ಲ.

ನಿಮ್ಮನ್ನು ಕೇಳಲು ನಾಚಿಕೆಯಾಯಿತು. ನೋಟೀಸು ಕಳಿಸಲು ನಾಚಿಕೆಯಾಗಲಿಲ್ಲ.

ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ದೂರನ್ನೂ.

ಸ್ವಂತ ವಾಸಕ್ಕೆ ಎಂದು ಹೊಸ ನೋಟೀಸು ಕೊಡಿ, ಗೆಲ್ಲುತ್ತೀರಿ ಎಂದರು ಏಜೆಂಟರು.

ಕೊಡುವುದಿಲ್ಲ.

ಮುಂದಿನ ಕೋಣೆಯೊಂದು ನನಗೆ ಬಿಡುತ್ತೀರಾ? ಉಳಿದದ್ದೆಲ್ಲ ನಿಮ್ಮದು.

ಈ ಜನವರಿಯಲ್ಲಿ ಕೇಳಬೇಕಿತ್ತು. ಈಗ ಕೇಳುತ್ತಿದ್ದೇನೆ.

ಇರ್ತೀರಾ?

ಸಾಸಿವೆ

ಜೂನ್ 30

ಸಾಸಿವೆಗೆ,

ಕಿಟಕಿಯ ಹತ್ತಿರ ಕೂತು ಓದಿದೆ. ಒಂದು ಬೆಳಿಗ್ಗೆ ಪೂರ್ತಿ ಹಿಡಿಯಿತು. ಯಾರ ಕೈಯಲ್ಲೂ ಓದಿಸಲಿಲ್ಲ. ಇದನ್ನೂ ನಾನೇ ಬರೆಯುತ್ತಿದ್ದೇನೆ. ಅಂಚೆಯವರು ಮತ್ತೆ ದಂಡ ಕೇಳಿದರೆ ಕಟ್ಟು.

ನೋಟೀಸಿನ ಪ್ರಕಾರ ನಾನು ಮನೆ ಬಿಡಬೇಕಾದ ದಿನ ಇವತ್ತು. ಬೆಂಚನ್ನೂ ಚಾಣಗಳನ್ನೂ ಹಿಂದಿನ ಕೋಣೆಗೆ ಸಾಗಿಸಿದ್ದೇನೆ. ಇಷ್ಟು ವರ್ಷ ಮುಂದಿನ ಕೋಣೆಯನ್ನು ಹಿಡಿದುಕೊಂಡಿದ್ದು ಅಲ್ಲಿನ ಬೆಳಕಿಗಾಗಿ. ಅದು ಈಗ ನನಗೆ ಯಾವ ಉಪಯೋಗಕ್ಕೂ ಇಲ್ಲ. ನೀನು ನಕ್ಷೆ ಬರೆದುಕೋ.

ಬಡಗಿಯನ್ನು ನಾನೇ ಹುಡುಕಿಸಿ ಕರೆಸಿದೆ. ನಾನು ತೋಳು ಹಿಡಿದು ಹೊರಗೆ ಕಳಿಸಿದ್ದನ್ನು ಅವನು ಮರೆತಿಲ್ಲ, ಬಾಗಿಲ ಹೊರಗೇ ನಿಂತು "ಒಳಗೆ ಬರ್ಲಾ, ಹೊಡಿಯಲ್ಲ ತಾನೇ?" ಎಂದು ಕೇಳಿದ. ಹೊಸಿಲು ತೆಗೆಸುತ್ತಿದ್ದೇನೆ. ನನಗೂ ಒಳ್ಳೆಯದೇ, ದಿನಕ್ಕೊಂದು ಸಲ ಎಡವುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ.

ನಿನ್ನ ಕಾಗದವನ್ನು ಕಂಡಕ್ಟರಮ್ಮನಿಗೆ ತೋರಿಸಿದೆ. "ಶಾಯೀಲಿದೆ, ಸಾಕ್ಷಿಗೆ ನಿಲ್ಲುತ್ತೆ" ಎಂದು ನಕಲು ಮಾಡಿಸಿ ಸಂಘದ ಬೀರುವಿನಲ್ಲಿ ಇಟ್ಟುಕೊಂಡಿದ್ದಾರೆ. ಬೇಡ ಎಂದು ನಾನೂ ಹೇಳಲಿಲ್ಲ. ನಿನ್ನ ಮೇಲೆ ಅನುಮಾನವಿಲ್ಲ. ನಿನ್ನ ಏಜೆಂಟರ ಮೇಲಿದೆ. ಬೀಗದಕೈಯನ್ನು ಅವರ ಕೈಗೆ ಕೊಡುವುದಿಲ್ಲ, ನೀನು ಬಂದು ತೆಗೆದುಕೋ.

ನೀನು ಕೇಳಿದ್ದಕ್ಕೆ ಉತ್ತರ: ಇರ್ತೀನಿ.

ಬರುವ ಜನವರಿಯಲ್ಲೂ ಕೇಳಬೇಕು, ತಪ್ಪಿಸಬೇಡ. ನಿಮ್ಮಪ್ಪನ ಹಾಗೆ ಮೆಟ್ಟಿಲಿಳಿದು ಬರಬೇಕಾಗಿಲ್ಲ. ನಿನ್ನ ಕೋಣೆಯಿಂದಲೇ ಕೇಳು. ಕಿವಿ ಚೆನ್ನಾಗಿದೆ.

ಮಾವ